ನೆಲದ ಕೊರಳು, ನೀರಿನ ಕೊರಳು

ಭೂಗೋಳಶಾಸ್ತ್ರದ ಮೊದಲ ಪಾಠಗಳಲ್ಲಿ ವಿದ್ಯಾರ್ಥಿನಿಯರು ಬಾಯಿಪಾಠ ಮಾಡುವ ಲಕ್ಷಣವಾಕ್ಯಗಳಲ್ಲಿ ಎರಡು ಯಾವಾಗಲೂ ಒಂದರ ಮಗ್ಗುಲಿಗೊಂದು ಬರುವುವು. ಎರಡು ವಿಶಾಲವಾದ ಭೂಭಾಗಗಳನ್ನು ಕೂಡಿಸುವ ಇಕ್ಕಟ್ಟಾದ ನೆಲಕ್ಕೆ ಭೂಸಂಧಿಯೆಂದೂ, ಎರಡು ವಿಶಾಲವಾದ ಜಲಭಾಗಗಳನ್ನು ಕೂಡಿಸುವ ಇಕ್ಕಟ್ಟಾದ ನೀರಿಗೆ ಜಲಸಂಧಿಯೆಂದೂ ಹೆಸರು. ಪರೀಕ್ಷೆಯ ದಿನ ಇವುಗಳನ್ನು ಅದಲುಬದಲಾಗಿ ಬರೆದು ಅಂಕ ಕಳೆದುಕೊಳ್ಳುವ ಹುಡುಗಿಯರು ಪ್ರತಿ ತರಗತಿಯಲ್ಲಿಯೂ ಕೆಲವರಿರುತ್ತಾರೆ. ನಕ್ಷೆಯನ್ನು ಮುಂದಿಟ್ಟುಕೊಂಡು ಆಲೋಚಿಸಿದರೆ ಆ ಗೊಂದಲಕ್ಕೆ ತಕ್ಕ ಕಾರಣವಿದೆಯೆಂದೇ ನಮಗೆ ತೋರುವುದು. ನೆಲಗಳೆರಡನ್ನು ಕೂಡಿಸುವ ಭೂಸಂಧಿಯೇ ತನ್ನ ಎರಡು ಮಗ್ಗುಲುಗಳ ಸಮುದ್ರಗಳನ್ನು ಅಗಲಿಸುವುದು. ಸಮುದ್ರಗಳೆರಡನ್ನು ಕೂಡಿಸುವ ಜಲಸಂಧಿಯೇ ತನ್ನ ಎರಡು ದಡಗಳ ನೆಲವನ್ನು ಅಗಲಿಸುವುದು. ನಡೆಯುವವನಿಗೆ ಸೇತುವೆಯಾದುದು ತೇಲುವವನಿಗೆ ಗೋಡೆಯಾಗುವುದು. ಈ ಮಾತನ್ನು ವಾಚಕ ಸೋದರಿಯರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ನಾವು ಕೋರುವೆವು. ನಮ್ಮ ನಗರದ ದಕ್ಷಿಣ ಭಾಗದಲ್ಲಿ ಮಳೆ ಬಂದ ಇರುಳು ನಡೆಯುವ ಅನಾಹುತಗಳನ್ನು ತಿಳಿಯಲು ಇದಕ್ಕಿಂತ ಹೆಚ್ಚಿನ ಭೂಗೋಳ ಬೇಕಾಗಿಲ್ಲ.

ಕನ್ನಡ ನುಡಿಯೂ ಈ ವಿಷಯವನ್ನು ಬಲ್ಲದು. ಸಂಧಿಯೆಂದರೆ ಕೂಡುವಿಕೆ, ಅದೇ ಮಾತು ತದ್ಭವವಾಗಿ ಸಂದಿಯಾದಾಗ ಎರಡು ಮನೆಗಳ ಗೋಡೆಗಳ ನಡುವಣ ಇಕ್ಕಟ್ಟಾದ ಎಡೆಯೆಂಬ ಅರ್ಥ ಬಂದಿತು. ಕೂಡುವ ಎಡೆಯು ಕಿರಿದಾಗಿಯೇ ಇರುವುದೆಂಬುದು ಆಡುಮಾತಿನವರಿಗೆ ಮೊದಲೇ ಗೊತ್ತಿದ್ದಿತೆಂದು ತೋರುತ್ತದೆ. ಗ್ರೀಕರಾದರೋ ಭೂಸಂಧಿಗೆ ಕೊರಳೆಂಬ ಅರ್ಥ ಕೊಡುವ ಹೆಸರನ್ನೇ ಇಟ್ಟರು. ಅವರ ಕಣ್ಣ ಮುಂದೆ ಇದ್ದುದು, ಸತ್ಯವೇದವನ್ನು ಓದಿದವರಿಗೆಲ್ಲ ಹೆಸರಿನಿಂದ ಪರಿಚಿತವಾದ ಕೊರಿಂಥ ಪಟ್ಟಣದ ಬಳಿಯ ನೆಲ. ಅದರ ಅಗಲ ಸುಮಾರು ೬ ಕಿಲೋಮೀಟರು ಮಾತ್ರ. ಪೂರ್ವಕಾಲದಲ್ಲಿ ಹಡಗುಗಳನ್ನು ಒಂದು ಕಡಲಿನಿಂದ ಮೇಲಕ್ಕೆಳೆದು, ಕಲ್ಲು ಹಾಸಿದ ದಾರಿಯ ಮೇಲೆ ಸಾಗಿಸಿ, ಇನ್ನೊಂದು ಕಡಲಿಗೆ ಇಳಿಸುತ್ತಿದ್ದರು. ೧೮೯೩ರಲ್ಲಿ ಅಲ್ಲಿ ಕಾಲುವೆಯು ತೆರೆಯಿತು. ಅದಕ್ಕೆ ಮೊದಲೇ, ೧೮೬೯ರಲ್ಲಿ, ಸುಯೆಜ್ ಭೂಸಂಧಿಯನ್ನು ಕಡಿದು ಕಾಲುವೆ ಮಾಡಿದ್ದರು. ೧೯೧೪ರಲ್ಲಿ ಪನಾಮ ಭೂಸಂಧಿಗೂ ಅದೇ ಗತಿಯಾಯಿತು. ಪನಾಮದ ನೆಲವು ಸುಮಾರು ೩೦ ಲಕ್ಷ ವರ್ಷಗಳ ಹಿಂದೆ ಪೂರ್ತಿಯಾಗಿ ಮೇಲೆದ್ದಾಗ ಉತ್ತರ ಅಮೆರಿಕದ ಪ್ರಾಣಿಗಳು ದಕ್ಷಿಣಕ್ಕೂ ದಕ್ಷಿಣದವು ಉತ್ತರಕ್ಕೂ ನಡೆದುಹೋದುವು. ಅದೇ ಸಮಯದಲ್ಲಿ ಎರಡು ಸಾಗರಗಳ ಮೀನುಗಳು ಒಂದರಿಂದೊಂದು ಅಗಲಿ ಬೇರೆಬೇರೆ ಜಾತಿಗಳಾಗಿ ಬೆಳೆದುವು. ಒಂದೇ ನೆಲ ಒಬ್ಬರಿಗೆ ಮಿಲನ, ಇನ್ನೊಬ್ಬರಿಗೆ ವಿಯೋಗ.

ಇವೆಲ್ಲ ದೂರದ ಮಾತುಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿಬೀಜ ಇಟಲಿಗೂ ಜರ್ಮನಿಗೂ ಹೋಗುವ ಹತ್ತಿರದ ದಾರಿ ಸುಯೆಜ್ ಕಾಲುವೆಯೇ. ೨೦೨೧ರ ಮಾರ್ಚ್ ತಿಂಗಳಲ್ಲಿ ‘ಎವರ್ ಗಿವನ್’ ಎಂಬ ೪೦೦ ಮೀಟರ್ ಉದ್ದದ ಹಡಗು ಅಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು, ಆರು ದಿನಗಳ ಕಾಲ ಎರಡು ಸಮುದ್ರಗಳ ವ್ಯಾಪಾರವೇ ನಿಂತುಹೋಯಿತು. ಆ ದಾರಿಯ ಇನ್ನೊಂದು ತುದಿಯಲ್ಲಿರುವ ಜಲಸಂಧಿಗೆ ಅರಬರು ಬಾಬ್ ಎಲ್ ಮಂದೆಬ್, ಅಂದರೆ ಕಣ್ಣೀರಿನ ಬಾಗಿಲು, ಎಂದು ಹೆಸರಿಟ್ಟಿರುವರು. ೨೦೨೩ರ ಕೊನೆಯಲ್ಲಿ ಅಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾದುದರಿಂದ, ಮರುವರ್ಷ ಅನೇಕ ಹಡಗುಗಳು ಆಫ್ರಿಕ ಖಂಡವನ್ನೇ ಬಳಸಿಕೊಂಡು ಹೋಗಬೇಕಾಯಿತು. ನಮ್ಮ ರಾಜ್ಯದ ಕರಾವಳಿಯಲ್ಲಿಯೇ ಇಂತಹ ಒಂದು ನೋಟವನ್ನು ಕಾಣಬೇಕೆನ್ನುವವರು ಕುಂದಾಪುರದ ಉತ್ತರಕ್ಕಿರುವ ಮರವಂತೆಗೆ ಹೋಗಬಹುದು. ಪಡುವಲಲ್ಲಿ ಅರಬ್ಬೀ ಸಮುದ್ರ, ಮೂಡಲಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿಯೊಂದಕ್ಕೆ ಸಾಲುವಷ್ಟೇ ನೆಲ. ಲಕ್ಷಣವಾಕ್ಯಕ್ಕೆ ಅದು ಅಚ್ಚುಕಟ್ಟಾಗಿ ಹೊಂದುವುದಿಲ್ಲವೆಂದು ಅಧ್ಯಾಪಕರು ಆಕ್ಷೇಪಿಸಬಹುದು. ನೋಡಿದ ಕಣ್ಣು ಆಕ್ಷೇಪಿಸುವುದಿಲ್ಲ.

ಬೆಂಗಳೂರಿಗೆ ಬರೋಣ. ಇಲ್ಲಿ ಸಮುದ್ರವಿಲ್ಲ, ವರ್ಷವೆಲ್ಲ ತುಂಬಿ ಹರಿಯುವ ನದಿಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಮೇಲಿರುವ ಈ ಊರಿನಲ್ಲಿ ಭೂಸಂಧಿ, ಜಲಸಂಧಿಗಳನ್ನು ಎಲ್ಲಿ ಹುಡುಕುವುದೆಂದು ಯಾರಾದರೂ ಕೇಳಿದರೆ ನಾವು ಅವರನ್ನು ಮೊದಲು ಬಸವನಗುಡಿಯ ದಿಣ್ಣೆಗೆ ಕರೆದೊಯ್ಯುವೆವು. ಅದರ ಪಶ್ಚಿಮದ ಇಳಿಜಾರಿನಲ್ಲಿ ಗವೀಪುರದ ಕೆಂಪಾಂಬುಧಿ ಕೆರೆಯಿದೆ. ಪೂರ್ವದ ಇಳಿಜಾರಿನಲ್ಲಿ ಲಾಲ್‌ಬಾಗಿನ ಕೆರೆಯಿದೆ. ಎರಡಕ್ಕೂ ನಡುವೆ ಒಂದು ಹರದಾರಿಯ ದೂರವೂ ಇಲ್ಲ. ಆದರೆ ಈ ಎರಡು ಕೆರೆಗಳ ನೀರು ಒಂದನ್ನೊಂದು ಎಂದಿಗೂ ಕಾಣಲಾರದು. ಪಶ್ಚಿಮಕ್ಕೆ ಬಿದ್ದ ಹನಿಯು ವೃಷಭಾವತಿಯನ್ನು ಸೇರಿ, ಕೆಂಗೇರಿಯ ಕಡೆಗೆ ಹರಿದು, ಅರ್ಕಾವತಿಯೊಡನೆ ಕೂಡಿ, ಕನಕಪುರದಿಂದಾಚೆಗೆ ಸಂಗಮದಲ್ಲಿ ಕಾವೇರಿಯನ್ನು ಹೊಗುವುದು. ಅಲ್ಲಿಂದ ಸ್ವಲ್ಪ ಕೆಳಗೆ ಮೇಕೆದಾಟು. ಅಷ್ಟು ದೊಡ್ಡ ಕಾವೇರಿಯು ಬಂಡೆಗಳ ನಡುವೆ ಎಷ್ಟು ಇಕ್ಕಟ್ಟಾಗಿ ನುಸುಳುವುದೆಂದರೆ, ಹುಲಿಗೆ ಹೆದರಿದ ಮೇಕೆಯೊಂದು ಈ ದಡದಿಂದ ಆ ದಡಕ್ಕೆ ಹಾರಿತೆಂದು ಜನರು ಕಥೆ ಹೇಳುವರು. ಪೂರ್ವಕ್ಕೆ ಬಿದ್ದ ಹನಿಯ ದಾರಿಯೇ ಬೇರೆ: ಅದು ಬೆಳ್ಳಂದೂರು, ವರ್ತೂರುಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರಿ, ತಮಿಳುನಾಡನ್ನು ಅಡ್ಡಹಾಯ್ದು, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುವುದು. ಒಂದೇ ಮೋಡದ ಎರಡು ಹನಿಗಳನ್ನು ಒಂದು ದಿಣ್ಣೆಯ ಬೆನ್ನು ಹೀಗೆ ಅಗಲಿಸಿಬಿಡುತ್ತದೆ. ಆ ಬೆನ್ನಿನ ಮೇಲೆಯೇ ಊರು ಕಟ್ಟಿ, ರಸ್ತೆ ಹಾಕಿ, ನಾವು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಸುಖವಾಗಿ ಓಡಾಡುತ್ತಿರುವೆವು.

ನದಿಯಿಲ್ಲದ ಊರಿಗೆ ಹಿಂದಿನವರು ಕೆರೆಗಳನ್ನು ಕಟ್ಟಿಕೊಟ್ಟರು. ಬಡಾವಣೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಬಿಟಿಎಂ ಬಡಾವಣೆಯೆಂದು ದಿನವೂ ಹೇಳುವ ನಮ್ಮ ಹುಡುಗಿಯರಲ್ಲಿ ಆ ಮೂರು ಅಕ್ಷರಗಳನ್ನು ಬಿಡಿಸಬಲ್ಲವರು ಕಡಿಮೆ: ಭೈರಸಂದ್ರ, ತಾವರೆಕೆರೆ, ಮಡಿವಾಳ. ಊರಿನ ಹೆಸರುಗಳ ಕೊನೆಯಲ್ಲಿ ಬರುವ ಸಂದ್ರವೆಂಬುದು ಸಮುದ್ರ ಶಬ್ದವೇ. ಕಡಲನ್ನು ಕಾಣದ ನಾಡಿನವರು ತಮ್ಮ ಕೆರೆಗೆ ಅಭಿಮಾನದಿಂದ ಇಟ್ಟ ಹೆಸರು ಅದು. ತಾವರೆಕೆರೆಗೆ ಅರ್ಥ ಹೇಳಬೇಕಾದುದೇ ಇಲ್ಲ.

ಈ ಕೆರೆಗಳು ಬಿಡಿಬಿಡಿಯಾಗಿ ಇದ್ದುವಲ್ಲ; ಒಂದು ಸರಪಳಿಯಂತೆ ಒಂದರ ಕೆಳಗೊಂದು ಕೂಡಿಕೊಂಡಿದ್ದುವು. ಪ್ರತಿ ಕೆರೆಗೂ ಮಣ್ಣಿನ ಏರಿ; ಏರಿಯ ಬುಡದಲ್ಲಿ ಗದ್ದೆಗೆ ನೀರು ಬಿಡುವ ತೂಬು; ಒಂದು ಮಗ್ಗುಲಲ್ಲಿ, ಏರಿಗಿಂತ ಕೆಲವು ಅಡಿ ತಗ್ಗಾಗಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿ. ನೀರನ್ನು ಹಂಚುವುದಕ್ಕೆ ನೀರಗಂಟಿಯೆಂಬವನು ಊರಿಗೊಬ್ಬನಿದ್ದನು. ಕೆರೆ ತುಂಬಿ ಕೋಡಿ ಬಿದ್ದಿತೆಂದರೆ ಊರಿಗೆಲ್ಲ ಸಂತೋಷ. ಆದರೆ ಕೋಡಿಯಿಂದ ಇಳಿದ ನೀರು ಎಲ್ಲಿಗೆ ಹೋಗಬೇಕು? ಕೆಳಗಿನ ಕೆರೆಗೆ. ಅದಕ್ಕೆ ದಾರಿಯೇ ರಾಜಕಾಲುವೆ. ಹುಳಿಮಾವಿನ ಕೆರೆಯ ನೀರು ಮಡಿವಾಳದ ಕೆರೆಗೆ, ಮಡಿವಾಳದ್ದು ಅಗರದ ಕೆರೆಗೆ, ಅಗರದ್ದು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ. ಒಂದು ಕೆರೆಯನ್ನು ನೂರಾರು ಎಕರೆಗಳಲ್ಲಿ ಅಳೆಯುವರು. ಎರಡು ಕೆರೆಗಳನ್ನು ಕೂಡಿಸುವ ಕಾಲುವೆಯ ಅಗಲವನ್ನು ಅಡಿಗಳಲ್ಲಿ ಅಳೆಯುವರು. ಆದರೂ ಆ ಅಡಿಗಳಿಲ್ಲದಿದ್ದರೆ ಈ ಎಕರೆಗಳು ನಿಲ್ಲಲಾರವು. ಕೋಡಿಯ ಮುಂದಿನ ದಾರಿ ಕಟ್ಟಿಹೋದಾಗ ಕೆರೆಯ ನೀರು ಮೇಲೇರಿ ಏರಿಯನ್ನೇ ಹತ್ತುವುದು, ಮತ್ತು ಮಣ್ಣಿನ ಏರಿಯು ನೀರನ್ನು ತನ್ನ ಬೆನ್ನಿನಿಂದ ತಡೆಯಬಲ್ಲದೇ ಹೊರತು ತನ್ನ ತಲೆಯ ಮೇಲೆ ಹರಿಯಲು ಬಿಟ್ಟು ಬಾಳಲಾರದು.

ಇಷ್ಟು ಮುಖ್ಯವಾದ ದಾರಿಯನ್ನು ಜನರು ಏಕೆ ಕಡೆಗಣಿಸಿದರು? ನಮಗೆ ತೋರುವ ಮೊದಲನೆಯ ಕಾರಣವೆಂದರೆ, ರಾಜಕಾಲುವೆಯು ವರ್ಷದ ಬಹುಭಾಗ ಬರಿದಾಗಿರುತ್ತಿದ್ದಿತು. ಬರಿದಾದ ಎಡೆಯನ್ನು ಕಂಡವರಿಗೆ ಅದು ಉಪಯೋಗವಿಲ್ಲದ ಎಡೆಯೆಂದು ತೋರುವುದು ಸಹಜ. ಎರಡನೆಯ ಕಾರಣವು ಸರ್ಕಾರದ ದಫ್ತರದಲ್ಲಿದೆ. ಕಂದಾಯದ ಲೆಕ್ಕದಲ್ಲಿ ಬೆಳೆ ಬಾರದ, ಕಂದಾಯ ಕಟ್ಟದ ನೆಲಕ್ಕೆ ಖರಾಬು ಎಂದು ಹೆಸರು. ಅದರಲ್ಲಿಯೂ ಹಳ್ಳ, ಕಾಲುವೆ, ದಾರಿ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ಸರ್ಕಾರಿ ನೆಲವು ‘ಬಿ’ ಖರಾಬು. ಖರಾಬು ಎಂದರೆ ಕೆಟ್ಟದ್ದು ಎಂದರ್ಥ. ಎರಡು ಕೆರೆಗಳನ್ನು ಕೂಡಿಸಿ ನಾಲ್ಕಾರು ಊರುಗಳನ್ನು ಬದುಕಿಸುವ ನೆಲವನ್ನು ಲೆಕ್ಕದ ಪುಸ್ತಕವೇ ಕೆಟ್ಟದ್ದೆಂದು ಬರೆದುಕೊಂಡಮೇಲೆ, ಅದರ ಅಂಚನ್ನು ಎರಡು ಗಜ ಒತ್ತಿ ಕಾಂಪೌಂಡು ಕಟ್ಟಿಕೊಂಡವನಿಗೆ ಮನಸ್ಸು ಚುಚ್ಚುವುದೆಂತು? ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದಾಗ ಈ ಭಾಗವೆಲ್ಲ ಗದ್ದೆ ತೋಪುಗಳ ನಾಡಾಗಿದ್ದಿತು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ಒಂದರ ಹಿಂದೊಂದು ಬಂದಂತೆ ಗದ್ದೆಗಳು ನಿವೇಶನಗಳಾದುವು, ಕೆಲವು ಕೆರೆಗಳೇ ನಿವೇಶನಗಳಾದುವು, ಕಾಲುವೆಗಳು ಕಲ್ಲಿನ ಅಥವಾ ಕಾಂಕ್ರೀಟಿನ ಮೋರಿಗಳಾಗಿ ಕಿರಿದಾದುವು.

ಕಾಲುವೆಯ ಅಗಲ ಅರ್ಧವಾದರೆ ಹರಿಯುವ ನೀರೂ ಅರ್ಧವಾಗುವುದಷ್ಟೆ, ಅದಕ್ಕೇನು ಮಹಾ, ಎಂದು ಹೇಳುವವರಿದ್ದಾರೆ. ಲೆಕ್ಕವು ಹಾಗಿಲ್ಲ. ಕಾಲುವೆಯ ತಳವೂ ಪಕ್ಕದ ಗೋಡೆಗಳೂ ನೀರನ್ನು ಉಜ್ಜಿ ಹಿಂದಕ್ಕೆಳೆಯುವುವು. ಕಾಲುವೆ ಕಿರಿದಾದಷ್ಟೂ ಇರುವ ನೀರಿಗೆ ಈ ಉಜ್ಜುವಿಕೆಯು ಹೆಚ್ಚು ತಟ್ಟುವುದು. ೧೮೮೯ರಲ್ಲಿ ಮ್ಯಾನಿಂಗ್ ಎಂಬ ಐರ್ಲೆಂಡಿನ ಎಂಜಿನಿಯರು ಮುಂದಿಟ್ಟ ಸೂತ್ರವನ್ನು ಇಂದಿಗೂ ಇದಕ್ಕೆ ಬಳಸುವರು. ೮ ಮೀಟರ್ ಅಗಲದ ಕಾಲುವೆಯಲ್ಲಿ ೨ ಮೀಟರ್ ಆಳದ ನೀರು ಹರಿಯುತ್ತಿರುವುದೆಂದು ಇಟ್ಟುಕೊಳ್ಳೋಣ. ಇಳಿಜಾರು, ಆಳ, ಗೋಡೆಯ ಒರಟು ಒಂದೇ ಆಗಿದ್ದು ಅಗಲವನ್ನು ಮಾತ್ರ ೪ ಮೀಟರಿಗೆ ಇಳಿಸಿದರೆ ಮೊದಲಿನ ನೀರಿನಲ್ಲಿ ನೂರಕ್ಕೆ ಸುಮಾರು ೪೧ ಪಾಲು ಮಾತ್ರ ಹರಿಯುವುದು. ೨ ಮೀಟರಿಗೆ ಇಳಿಸಿದರೆ ನೂರಕ್ಕೆ ೧೬ ಪಾಲು. ಮಿಕ್ಕ ೮೪ ಪಾಲು ಎಲ್ಲಿಗೆ ಹೋಯಿತೆಂದು ಕೇಳಿದರೆ, ತಗ್ಗಿನಲ್ಲಿರುವ ಮನೆಗಳವರು ಉತ್ತರ ಹೇಳಬಲ್ಲರು. ಗಣಿತದ ತರಗತಿಯಲ್ಲಿ ಈ ಲೆಕ್ಕವನ್ನು ಮೇಲಿನ ಹುಡುಗಿಯರು ತಾವೇ ಮಾಡಿ ನೋಡಬಹುದು. ಘಾತಾಂಕಗಳ ಪಾಠಕ್ಕೆ ಇದಕ್ಕಿಂತ ಉಪಯುಕ್ತವಾದ ಉದಾಹರಣೆ ನಮಗೆ ತೋಚುವುದಿಲ್ಲ.

ನಮ್ಮ ದೇಹದಲ್ಲಿಯೂ ಇಂತಹ ಕಾಲುವೆಗಳಿವೆ, ಮತ್ತು ಅಲ್ಲಿನ ಲೆಕ್ಕವು ಇನ್ನೂ ನಿಷ್ಠುರವಾದುದು. ೧೮೪೦ರ ಸುಮಾರಿಗೆ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯನು ಕೂದಲೆಳೆಯಂತಹ ಕಿರುಗೊಳವೆಗಳಲ್ಲಿ ದ್ರವವು ಹರಿಯುವ ಬಗೆಯನ್ನು ಅಳೆದು ನೋಡಿದನು. ಒತ್ತಡ ಒಂದೇ ಆಗಿರುವಾಗ ಗೊಳವೆಯ ಒಳಗಿನ ಅಗಲವನ್ನು ಅರ್ಧ ಮಾಡಿದರೆ ಹರಿವು ಅರ್ಧಕ್ಕೂ ಕಾಲಿಗೂ ಇಳಿದು ನಿಲ್ಲುವುದಿಲ್ಲ. ಹದಿನಾರರಲ್ಲಿ ಒಂದು ಪಾಲಿಗೆ ಇಳಿದುಬಿಡುವುದು. ಹೃದಯವು ಇಡೀ ದೇಹಕ್ಕೆ ರಕ್ತವನ್ನು ಒದಗಿಸುವ ಅಂಗವಾದರೂ, ತನ್ನ ಮಾಂಸಕ್ಕೆ ಬೇಕಾದ ರಕ್ತವನ್ನು ೩ ಅಥವಾ ೪ ಮಿಲಿಮೀಟರ್ ಅಗಲದ ಅಪಧಮನಿಗಳಿಂದ ಪಡೆಯುವುದು. ಇವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತ ಬಂದರೂ ರೋಗಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಮುಂದಿನ ಸಣ್ಣ ನಾಳಗಳು ತಾವು ಹಿಗ್ಗಿ ಕೊರತೆಯನ್ನು ತುಂಬಿಕೊಡುವುವು. ಕುಳಿತಿರುವಾಗ ನೋವಿಲ್ಲ, ಮಲಗಿರುವಾಗ ನೋವಿಲ್ಲ. ಅಗಲದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಚ್ಚಿಹೋದಮೇಲೆ ಒಂದು ದಿನ ಮೆಟ್ಟಲು ಹತ್ತುವಾಗ ಎದೆಯನ್ನು ಹಿಂಡಿದಂತಾಗುವುದು. ಬೇಸಗೆಯಲ್ಲಿ ಯಾವ ಕುಂದೂ ಕಾಣದೆ, ಮಳೆಯ ಒಂದು ರಾತ್ರಿಯಲ್ಲಿ ತನ್ನ ಕುಂದನ್ನು ತೋರಿಸುವ ರಾಜಕಾಲುವೆಗೂ ಇದಕ್ಕೂ ನಮಗೆ ಹೆಚ್ಚಿನ ಭೇದ ಕಾಣುವುದಿಲ್ಲ.

ಬನ್ನೇರುಘಟ್ಟ ರಸ್ತೆಯಲ್ಲಿ, ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಇಂತಹ ಕಿರಿದಾದ ದಾರಿಗಳನ್ನು ದಿನವೂ ಅಗಲಿಸುತ್ತಿರುವರು. ಕೈಯ ಅಥವಾ ತೊಡೆಯ ಅಪಧಮನಿಯೊಳಗಿಂದ ಸಣ್ಣ ನಳಿಗೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯ ಪುಟ್ಟ ಬುಗ್ಗೆಯನ್ನು ಉಬ್ಬಿಸಿ, ಕೊಬ್ಬನ್ನು ಗೋಡೆಗೆ ಒತ್ತಿ, ಲೋಹದ ಜಾಲರಿಯೊಂದನ್ನು ಅಲ್ಲಿ ನಿಲ್ಲಿಸುವರು. ಹೃದಯದ ನಾಳದಲ್ಲಿ ಬುಗ್ಗೆಯ ಈ ಚಿಕಿತ್ಸೆಯನ್ನು ಮೊದಲು ಮಾಡಿದವನು ಆಂಡ್ರಿಯಾಸ್ ಗ್ರೂಂಟ್‌ಸಿಗ್ ಎಂಬ ವೈದ್ಯ. ಊರು ಜ್ಯೂರಿಕ್, ವರ್ಷ ೧೯೭೭. ಮೂರು ಮಿಲಿಮೀಟರಿನ ದಾರಿಯನ್ನು ಬಿಡಿಸಲು ಇಷ್ಟು ಸಾಹಸ ಮಾಡುವ ನಗರವು ತನ್ನ ಮೂವತ್ತು ಅಡಿಯ ಕಾಲುವೆಯ ವಿಷಯದಲ್ಲಿ ಉದಾಸೀನವಾಗಿರುವುದು ವಿಚಿತ್ರವೇ ಸರಿ.

ದೇಹದ ಸಂಧಿಸ್ಥಾನಗಳೆಲ್ಲವನ್ನೂ ಹೇಳಹೊರಟರೆ ಈ ಸಂಚಿಕೆಯ ಪುಟಗಳು ಸಾಲವು. ಕೊರಳೊಂದನ್ನೇ ನೋಡಿರಿ: ಉಸಿರಿನ ದಾರಿ, ಅನ್ನದ ದಾರಿ, ಮೆದುಳಿಗೆ ಹೋಗುವ ರಕ್ತದ ದಾರಿ, ಮೆದುಳಿನಿಂದ ಬರುವ ಆಜ್ಞೆಗಳ ದಾರಿ, ಎಲ್ಲವೂ ಒಂದು ಗೇಣಿನೊಳಗಿನ ಎಡೆಯಲ್ಲಿ ಒಂದನ್ನೊಂದು ತಾಗಿಕೊಂಡು ಹಾಯ್ದಿವೆ. ಅದೇ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯಿಡ್ ಗ್ರಂಥಿಯಿದೆ. ಅದರ ಎರಡು ರೆಕ್ಕೆಗಳನ್ನು ಕೂಡಿಸುವ, ಉಸಿರಿನ ನಾಳಕ್ಕೆ ಅಡ್ಡಲಾಗಿ ಅಂಟಿಕೊಂಡಿರುವ ಪಟ್ಟಿಗೆ ವೈದ್ಯರು ಇಟ್ಟ ಹೆಸರು ಭೂಗೋಳದವರು ಕೊರಿಂಥದ ನೆಲಕ್ಕೆ ಇಟ್ಟ ಹೆಸರೇ. ಕಣಜದ ಮತ್ತು ಇರುವೆಯ ಸೊಂಟವನ್ನು ಕಂಡವರು ಅದು ಮುರಿಯದೆ ಹೇಗಿದೆಯೆಂದು ಬೆರಗಾಗುವುದುಂಟು. ಆ ಸೊಂಟದಿಂದ ಅವುಗಳಿಗೆ ಹೊಟ್ಟೆಯ ತುದಿಯನ್ನು ಬೇಕಾದ ಕಡೆಗೆ ಬಾಗಿಸಿ ಚುಚ್ಚುವ ಅನುಕೂಲ ಬಂದಿತು. ಆದರೆ ಅನ್ನನಾಳವೂ ಅದೇ ಸೊಂಟದೊಳಗೆ ಹಾಯಬೇಕಾದುದರಿಂದ ಬೆಳೆದ ಕಣಜವು ಗಟ್ಟಿಯಾದ ಆಹಾರವನ್ನು ನುಂಗಲಾರದು. ಹುಳುವನ್ನು ಹಿಡಿದು ತಂದು ಅಗಿದು ಮರಿಗಳಿಗೆ ಉಣಿಸಿ, ತಾನು ರಸವನ್ನು ಕುಡಿದು ಬಾಳುವುದು. ಎಲೆಯ ತೊಟ್ಟಿನಲ್ಲಿ ಬೇರಿನ ನೀರು ಮೇಲಕ್ಕೂ, ಎಲೆಯು ಬಿಸಿಲಿನಲ್ಲಿ ಬೇಯಿಸಿದ ಸಕ್ಕರೆಯು ಕೆಳಕ್ಕೂ ಏಕಕಾಲದಲ್ಲಿ ಸಾಗುವುವು. ಇನ್ನು ಹೊಕ್ಕುಳಬಳ್ಳಿ. ಎರಡು ಅಪಧಮನಿ, ಒಂದು ಅಭಿಧಮನಿ, ಉದ್ದ ಸುಮಾರು ಅರ್ಧ ಮೀಟರು. ನಾವೆಲ್ಲರೂ ಒಂಬತ್ತು ತಿಂಗಳು ಅದರಿಂದಲೇ ಉಂಡು, ಅದರಿಂದಲೇ ಉಸಿರಾಡಿ ಈ ಲೋಕಕ್ಕೆ ಬಂದವರು.

ಮತ್ತೆ ನಮ್ಮ ನೆಲಕ್ಕೆ. ಮೊದಲು ಹೇಳಿದ ಮಾತನ್ನು, ಅಂದರೆ ಒಬ್ಬರ ಸೇತುವೆ ಇನ್ನೊಬ್ಬರ ಗೋಡೆಯೆಂಬುದನ್ನು, ಪ್ರತ್ಯಕ್ಷವಾಗಿ ಕಾಣಬೇಕಾದರೆ ಸಿಲ್ಕ್ ಬೋರ್ಡ್ ಕೂಡುರಸ್ತೆಗೆ ಹೋಗಬೇಕು. ಹೊಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಅಲ್ಲಿ ಕೂಡುವುವು. ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಂದ ಪೂರ್ವದ ಕಚೇರಿಗಳಿಗೆ ಹೋಗುವವರೆಲ್ಲ ಆ ಒಂದು ಕೊರಳಿನೊಳಗೆ ನುಸುಳಬೇಕು. ೨೦೨೫ರ ಆಗಸ್ಟ್ ತಿಂಗಳಲ್ಲಿ ಹಳದಿ ಮೆಟ್ರೋ ಮಾರ್ಗವೂ ಅಲ್ಲಿಯೇ ಹಾದುಹೋಗುವಂತೆ ತೆರೆಯಿತು. ಜನರ ದಾರಿಗೆ ಇಷ್ಟು ಮುಖ್ಯವಾದ ಆ ನೆಲವೇ ನೀರಿನ ದಾರಿಗೂ ಮುಖ್ಯವಾದುದೆಂಬುದು ಸಂಗತಿ. ನೈರುತ್ಯಕ್ಕೆ ಮಡಿವಾಳದ ಕೆರೆ, ಈಶಾನ್ಯಕ್ಕೆ ಅಗರದ ಕೆರೆ, ಇವೆರಡರ ನಡುವಿನ ತಗ್ಗಿನಲ್ಲಿ ಈ ಕೂಡುರಸ್ತೆ. ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ಹೋಗಬೇಕಾದರೆ ರಸ್ತೆಗಳ ಅಡಿಯಲ್ಲಿ ನುಸುಳದೆ ಬೇರೆ ಗತಿಯಿಲ್ಲ. ಎರಡು ಕೊರಳುಗಳು ಇಲ್ಲಿ ಒಂದರ ಮೇಲೊಂದು ಅಡ್ಡಲಾಗಿ ಬಿದ್ದಿವೆ. ಮೇಲಿನದನ್ನು ವರ್ಷವರ್ಷವೂ ಅಗಲಿಸುವರು, ಎತ್ತರಿಸುವರು, ಅದಕ್ಕೆ ಮೇಲುಸೇತುವೆ ಕಟ್ಟುವರು. ಕೆಳಗಿನದು ಕಣ್ಣಿಗೆ ಬೀಳುವುದಿಲ್ಲ.

ಕಣ್ಣಿಗೆ ಬೀಳದುದಕ್ಕೆ ನಾವು ತೆತ್ತ ಬೆಲೆಯೇನೆಂಬುದನ್ನು ಎರಡು ದಿನಗಳ ವೃತ್ತಾಂತದಿಂದ ತಿಳಿಸುವೆವು. ೨೦೧೯ರ ನವೆಂಬರ್ ೨೪ರಂದು, ಭಾನುವಾರ, ಹುಳಿಮಾವು ಕೆರೆಯ ಏರಿಯು ಒಡೆದು ಕೆಳಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ನೀರು ಹರಿದುದು ಇಳಿಜಾರಿನಲ್ಲಿ, ತನ್ನ ಹಳೆಯ ದಿಕ್ಕಿನಲ್ಲಿಯೇ. ಆ ದಿಕ್ಕಿನಲ್ಲಿ ಈಗ ಅಡಿಗೆಮನೆಗಳೂ ಮಕ್ಕಳ ಪುಸ್ತಕಗಳೂ ಇದ್ದುವು. ಎರಡನೆಯದು ೨೦೨೫ರ ಮೇ ತಿಂಗಳ ಮಳೆ. ಸಿಲ್ಕ್ ಬೋರ್ಡಿನಲ್ಲಿ ರಸ್ತೆಯು ಹೊಳೆಯಾಯಿತು. ಬಿಟಿಎಂ ಬಡಾವಣೆಯ ಒಂದು ವಸತಿಸಮುಚ್ಚಯದ ನೆಲಮಾಳಿಗೆಯಲ್ಲಿ ತುಂಬಿದ್ದ ನೀರನ್ನು ಹೊರಹಾಕುವಾಗ ವಿದ್ಯುತ್ತು ತಗುಲಿ ಒಬ್ಬ ವೃದ್ಧರೂ ಒಬ್ಬ ಬಾಲಕನೂ ಪ್ರಾಣಬಿಟ್ಟರು. ಆ ಬಾಲಕನ ವಯಸ್ಸು ನಮ್ಮ ಕೆಳಗಿನ ತರಗತಿಗಳ ಹುಡುಗಿಯರದೇ.

ಕಾಯಿದೆಯ ಕಡೆಯಿಂದ ಏನೂ ನಡೆದಿಲ್ಲವೆಂದು ಹೇಳಲಾಗದು. ೨೦೧೬ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಗಳ ಸುತ್ತ ೭೫ ಮೀಟರು, ರಾಜಕಾಲುವೆಗಳಲ್ಲಿ ಮೊದಲ ದರ್ಜೆಯವುಗಳಿಗೆ ೫೦, ಎರಡನೆಯವುಗಳಿಗೆ ೩೫, ಮೂರನೆಯವುಗಳಿಗೆ ೨೫ ಮೀಟರು ನೆಲವನ್ನು ಕಟ್ಟಡವಿಲ್ಲದೆ ಬಿಡಬೇಕೆಂದು ಆಜ್ಞೆ ಮಾಡಿತು. ೨೦೧೯ರ ಮಾರ್ಚ್ ತಿಂಗಳಲ್ಲ�ಿ ಸರ್ವೋಚ್ಚ ನ್ಯಾಯಾಲಯವು ಆ ಅಳತೆಗಳನ್ನು ರದ್ದುಪಡಿಸಿತು. ನಗರಯೋಜನೆಯ ನಕ್ಷೆಯಲ್ಲಿದ್ದ ಕಡಿಮೆ ಅಳತೆಗಳೇ ಉಳಿದುವು. ನ್ಯಾಯದ ಸೂಕ್ಷ್ಮಗಳು ನಮ್ಮ ಅಳವಿಗೆ ಮೀರಿದುವು. ಮೀಟರುಗಳ ಈ ವಾದವೆಲ್ಲ ಕಾಲುವೆಯು ತನ್ನ ಸ್ಥಾನದಲ್ಲಿ ಇನ್ನೂ ಇದೆಯೆಂಬ ನಂಬಿಕೆಯ ಮೇಲೆ ನಿಂತಿರುವುದೆಂಬುದನ್ನು ಮಾತ್ರ ನಾವು ಗಮನಕ್ಕೆ ತರುವೆವು.

ನೀರಿಗಲ್ಲದೆ ಆನೆಗೂ ಈ ದಿಕ್ಕಿನಲ್ಲಿ ಒಂದು ಕೊರಳಿದೆ. ಜೆ.ಪಿ. ನಗರದ ಕೊನೆಯ ಮನೆಗಳಿಂದ ದಕ್ಷಿಣಕ್ಕೆ ಹೊರಟರೆ ಬಹು ಬೇಗನೆ ಬನ್ನೇರುಘಟ್ಟದ ಕಾಡು ಸಿಕ್ಕುವುದು. ೧೯೭೪ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ಅಗಲವಾಗಿ ಹರಡಿಕೊಂಡಿಲ್ಲ. ಉದ್ದಕ್ಕೆ ಚಾಚಿ, ಅಲ್ಲಲ್ಲಿ ಕಣಜದ ಸೊಂಟದಂತೆ ಸಣ್ಣಗಾಗಿದೆ. ಅಂತಹ ಒಂದೆಡೆಗೆ ಕರಡಿಕಲ್ಲು–ಮಾದೇಶ್ವರ ಆನೆದಾರಿಯೆಂದು ಹೆಸರು. ಕಾವೇರಿ ತೀರದ ದೊಡ್ಡ ಕಾಡುಗಳಿಗೂ ನಮ್ಮ ನೆರೆಯ ಈ ಕಾಡಿಗೂ ಆನೆಗಳು ಹೋಗಿಬರಬೇಕಾದರೆ ಇಂತಹ ಸಂದಿಗಳೇ ಆಧಾರ. ಉದ್ಯಾನದ ಸುತ್ತಣ ರಕ್ಷಿತ ವಲಯವು ೨೦೧೬ರ ಕರಡಿನಲ್ಲಿ ೨೬೮.೯೬ ಚದರ ಕಿಲೋಮೀಟರಿದ್ದುದು ೨೦೨೦ರ ಕೊನೆಯ ಪ್ರಕಟಣೆಯಲ್ಲಿ ೧೬೮.೮೪ಕ್ಕೆ ಇಳಿಯಿತು. ರಸ್ತೆ, ಕಲ್ಲುಗಣಿ, ಬೇಲಿ ಇವುಗಳಲ್ಲಿ ಯಾವುದು ಸಂದಿಗೆ ಅಡ್ಡ ಬಂದರೂ ಆನೆಯು ಹಿಂದಿರುಗುವುದಿಲ್ಲ. ರಾಗಿಯ ಹೊಲದೊಳಗಿಂದ ಹೋಗುವುದು. ಅದು ಹೊಲವನ್ನು ಹೊಕ್ಕಿತೆಂದು ಜನರು ದೂರುವರು. ನೀರು ಮನೆಯನ್ನು ಹೊಕ್ಕಿತೆಂದು ದೂರುವಂತೆಯೇ ಇದು.

ಈ ವಿಷಯವನ್ನು ಕಣ್ಣಾರೆ ನೋಡಬೇಕೆನ್ನುವ ತರಗತಿಯವರಿಗೆ ಒಂದು ಸೂಚನೆ. ಭೂಮಾಪನ ಇಲಾಖೆಯ ಹಳೆಯ ಗ್ರಾಮನಕ್ಷೆಗಳಲ್ಲಿ ಕೆರೆ, ಕಾಲುವೆ, ಬಂಡಿದಾರಿಗಳನ್ನು ಸರ್ವೆ ನಂಬರುಗಳೊಡನೆ ಗುರುತಿಸಿರುವರು. ಮಡಿವಾಳ ಮತ್ತು ಅಗರದ ನಕ್ಷೆಗಳನ್ನು ಪಡೆದು, ಮಡಿವಾಳದ ಕೋಡಿಯಿಂದ ಹೊರಟು, ಅಗರದ ಕೆರೆಯವರೆಗೆ ಕಾಲುವೆಯನ್ನು ಅನುಸರಿಸಿ ನಡೆಯಬಹುದು. ಅದು ರಸ್ತೆಯನ್ನು ದಾಟುವೆಡೆಯಲ್ಲೆಲ್ಲ ನಿಂತು ಮೋರಿಯ ಅಗಲವನ್ನು ಅಂದಾಜು ಮಾಡಿ, ಮೇಲ್ಗಡೆಯ ಕಾಲುವೆಯ ಅಗಲದೊಡನೆ ಹೋಲಿಸಿ ಬರೆದುಕೊಳ್ಳಬೇಕು. ಮೇಲೆ ಕೊಟ್ಟ ಲೆಕ್ಕಕ್ಕೆ ಅಂಕಿಗಳು ಅಲ್ಲಿಯೇ ದೊರೆಯುವುವು. ಮಳೆ ಹಿಡಿಯುವುದಕ್ಕೆ ಮುಂಚೆ, ಮಾರ್ಚ್ ತಿಂಗಳ ಬೆಳಗಿನ ಹೊತ್ತು ಇದಕ್ಕೆ ತಕ್ಕುದು. ಅಧ್ಯಾಪಿನಿಯರು ಜೊತೆಯಲ್ಲಿರಬೇಕು, ಕಾಲುವೆಯೊಳಕ್ಕೆ ಯಾರೂ ಇಳಿಯಕೂಡದು. ಕುಡಿಯುವ ನೀರು, ಕೊಡೆ, ಅಳತೆಯ ಪಟ್ಟಿ ಇವುಗಳ ಜೊತೆಗೆ ಪ್ರತಿಯೊಬ್ಬಳೂ ಮೂಗಿಗೆ ಒಂದು ಕರವಸ್ತ್ರವನ್ನು ತರುವುದು ಮೇಲು. ಬೇಸಗೆಯಲ್ಲಿ ಒಣಗಿರುತ್ತಿದ್ದ ಕಾಲುವೆಗಳಲ್ಲಿ ಈಗ ವರ್ಷವಿಡೀ ಕೊಳಚೆಯು ಹರಿಯುವುದು.